ಕಾವಲಿನಿಂದ ಕಂಟ್ರೋಲ್ ರೂಮಿಗೆ

(ಅಮೆರಿಕದಲ್ಲಿ ಸೇನೆ ಬಿಟ್ಟು ಬಂದವರಿಗೆ ವಿದ್ಯುತ್ ಕ್ಷೇತ್ರದ ಕೆಲಸ ಕಲಿಸುವುದರ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಅಂದು ಸಮಯ ಸಾಲದೆ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಗ್ರಿಡ್, ಅಂದರೆ ಊರೂರಿಗೆ ವಿದ್ಯುತ್ ಹಂಚುವ ಲೈನುಗಳ ಜಾಲ ನಡೆಸುವ ಆಪರೇಟರುಗಳಿಗೆ ತರಬೇತಿ ಕೊಡುವವನು. ತರಗತಿಯ ಮೊದಲ ದಿನ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಹೊಸಬರನ್ನು ಒಬ್ಬೊಬ್ಬರಾಗಿ ಫೋನಿನ ಮುಂದೆ ಕೂರಿಸಿ, ಪಕ್ಕದ ಕೋಣೆಯಿಂದ ಕರೆ ಮಾಡಿ, ಒಂದು ಆದೇಶ ಕೊಡುತ್ತೇನೆ: ಇಂಥ ಸಬ್‌ಸ್ಟೇಷನ್ನಿನ ಇಂಥ ಬ್ರೇಕರ್ (ಲೈನಿನ ದೊಡ್ಡ ಸ್ವಿಚ್) ಓಪನ್ ಮಾಡಿ. ಇಂಜಿನಿಯರಿಂಗ್ ಓದಿ ಬಂದ ಹುಡುಗರು ಹೆಚ್ಚಾಗಿ 'ಸರಿ ಸರ್' ಎಂದು ಫೋನ್ ಇಡುತ್ತಾರೆ. ಒಮ್ಮೆ ಸೇನೆಯಲ್ಲಿ ಎಂಟು ವರ್ಷ ರೇಡಿಯೊ ನೋಡಿಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಅವಳು ನಾನು ಹೇಳಿದ ಸ್ಟೇಷನ್ ಹೆಸರು, ಬ್ರೇಕರಿನ ನಂಬರು, ಮಾಡಬೇಕಾದ ಕೆಲಸ, ಮೂರನ್ನೂ ಒಂದಕ್ಷರ ತಪ್ಪದೆ ತಿರುಗಿ ಹೇಳಿದಳು. ಹೇಳಿ ಸುಮ್ಮನಾದಳು. ನಾನು 'ಹೌದು, ಸರಿಯಾಗಿದೆ' ಎನ್ನುವವರೆಗೆ ಅವಳ ಕೈ ಕದಲಲಿಲ್ಲ.

ನಮ್ಮಲ್ಲಿ ಇದಕ್ಕೆ ಮೂರು ಹಂತದ ಮಾತು ಅನ್ನುತ್ತೇವೆ. ಆದೇಶ ಕೊಡುವವರು ಹೇಳಬೇಕು, ಕೇಳಿದವರು ಅದನ್ನೇ ತಿರುಗಿ ಹೇಳಬೇಕು, ಹೇಳಿದವರು ಸರಿ ಎಂದು ಖಚಿತಪಡಿಸಬೇಕು. ಆಮೇಲೆಯೇ ಕೈ ಸ್ವಿಚ್ಚಿನ ಮೇಲೆ ಹೋಗಬೇಕು. ಉತ್ತರ ಅಮೆರಿಕದ ಗ್ರಿಡ್ ಸುರಕ್ಷತೆಗೆ ನಿಯಮ ಬರೆಯುವ ಸಂಸ್ಥೆ ನರ್ಕ್. ಗ್ರಿಡ್ ನಡೆಸುವವರು ಬಾಯಲ್ಲಿ ಕೊಡುವ ಆದೇಶಗಳಿಗೆ ಈ ಪದ್ಧತಿಯನ್ನು ಅದು ಕಡ್ಡಾಯ ಮಾಡಿದೆ. ಓದಿ ಬಂದವರಿಗೆ ಇದನ್ನು ರೂಢಿ ಮಾಡಿಸಲು ನನಗೆ ತಿಂಗಳುಗಳು ಹಿಡಿಯುತ್ತವೆ. ಅವಳಿಗೆ ಅದು ಉಸಿರಾಟದಷ್ಟು ಸಹಜವಾಗಿತ್ತು. ಓಮ್‌ನ ನಿಯಮ ಗೊತ್ತಿಲ್ಲ ಎಂದು ಅವಳು ಬೆಳಿಗ್ಗೆಯಷ್ಟೇ ಹೆದರಿಕೊಂಡು ಹೇಳಿದ್ದಳು. ಓಮ್‌ನ ನಿಯಮವನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಅದಕ್ಕೇ ಈ ವಿಷಯದ ಬಗ್ಗೆ ನನಗೆ ಇಷ್ಟು ಆಸ್ಥೆ. ಆದರೆ ಸೈನಿಕರು ಶಿಸ್ತಿನವರು, ಆದ್ದರಿಂದ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂದಷ್ಟೇ ಹೇಳಿ ಹೋಗಲು ನಾನು ಬಂದಿಲ್ಲ. ಸೇನೆ ಒಬ್ಬ ಮನುಷ್ಯನ ಕೈಗೆ ಕಲಿಸಿದ ಅಭ್ಯಾಸ ಅವನ ಜೊತೆಗೇ ಬರುತ್ತದೆ. ಒಳ್ಳೆಯದು ಬರುತ್ತದೆ, ಅಪಾಯದ್ದೂ ಬರುತ್ತದೆ. ಯಾವುದನ್ನು ಹಾಗೇ ಇಟ್ಟುಕೊಳ್ಳಬೇಕು, ಯಾವುದನ್ನು ಬಿಚ್ಚಿ ಮತ್ತೆ ಹೊಲಿಯಬೇಕು ಎಂಬುದು ಗೊತ್ತಿರುವವರು ಮಾತ್ರ ಅವರಿಗೆ ಕಲಿಸಲು ಇಳಿಯಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಮೊದಲು ಈ ಕೆಲಸ ಎಂಥದ್ದು ಎಂದು ನೋಡೋಣ. ದೊಡ್ಡ ಗ್ರಿಡ್ಡಿನಲ್ಲಿ ವಿದ್ಯುತ್ತನ್ನು ಗೋದಾಮಿನಲ್ಲಿ ತುಂಬಿಟ್ಟಂತೆ ಇಡಲಾಗುವುದಿಲ್ಲ. ಬ್ಯಾಟರಿಗಳು ಬಂದಿವೆ, ನೀರನ್ನು ಮೇಲಕ್ಕೆ ಪಂಪ್ ಮಾಡಿಡುವ ಅಣೆಕಟ್ಟುಗಳೂ ಇವೆ. ಆದರೂ ಬಹುಪಾಲು ಕರೆಂಟ್ ಹುಟ್ಟಿದ ಕ್ಷಣವೇ ಖರ್ಚಾಗಬೇಕು. ಬೇಡಿಕೆ ಹೆಚ್ಚಿ ಉತ್ಪಾದನೆ ಕಡಿಮೆಯಾದರೆ ಸಾವಿರಾರು ಮೈಲಿ ದೂರದ ಜನರೇಟರುಗಳೂ ಸೇರಿ ಒಟ್ಟಿಗೇ ತುಸು ನಿಧಾನವಾಗುತ್ತವೆ, ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಎಂಬ ಲೆಕ್ಕ, ಇಳಿಯುತ್ತದೆ. ಅಮೆರಿಕದಲ್ಲಿ ಅದು 60 ಹರ್ಟ್ಸ್. ಅರ್ಧ ಹರ್ಟ್ಸ್ ಇಳಿದರೂ ಕಂಟ್ರೋಲ್ ರೂಮಿನಲ್ಲಿ ಯಾರೂ ಕುರ್ಚಿಗೆ ಒರಗಿ ಕೂರುವುದಿಲ್ಲ. ಈ ತಕ್ಕಡಿಯನ್ನು ಹಗಲೂ ರಾತ್ರಿ ಕಾಯುವವರು ಸಿಸ್ಟಮ್ ಆಪರೇಟರುಗಳು. ಅವರ ಹಿಂದೆ ಲೈನ್‌ಮನ್‌ಗಳು, ಸಬ್‌ಸ್ಟೇಷನ್ನಿನ ಎಲೆಕ್ಟ್ರಿಷಿಯನ್ನರು, ದೋಷ ಕಂಡಾಗ ಬ್ರೇಕರ್ ಬಿಡಿಸುವ ರಿಲೇಗಳನ್ನು ಪರೀಕ್ಷಿಸುವವರು, ವಿದ್ಯುತ್ ಸ್ಥಾವರಗಳ ಆಪರೇಟರುಗಳು.

ಇವುಗಳಲ್ಲಿ ಬಹಳಷ್ಟು ಕೆಲಸಕ್ಕೆ ಪದವಿ ಬೇಕಿಲ್ಲ. ನರ್ಕ್‌ನ ಸಿಸ್ಟಮ್ ಆಪರೇಟರ್ ಪರೀಕ್ಷೆಗೆ ಕೂರಲು ಯಾವ ಡಿಗ್ರಿಯನ್ನೂ ಕೇಳುವುದಿಲ್ಲ. ಪಾಸಾದರೆ ಪ್ರಮಾಣಪತ್ರ, ಅದಕ್ಕೆ ಮೂರು ವರ್ಷದ ಅವಧಿ, ಮುಂದುವರಿಸಬೇಕಾದರೆ ನಿಗದಿತ ಗಂಟೆಗಳಷ್ಟು ಕಲಿಕೆ. ಲೈನ್‌ಮನ್ ಆಗಬೇಕಾದರೆ ಅಪ್ರೆಂಟಿಸ್ ಆಗಿ ಸೇರಿ ಸುಮಾರು 7,000 ಗಂಟೆ ಕಂಬದ ಮೇಲೆ, ಬಕೆಟ್ ಟ್ರಕ್ಕಿನಲ್ಲಿ ದುಡಿದು ಕಲಿಯಬೇಕು. ಅಂದರೆ ಮೂರೂವರೆ, ನಾಲ್ಕು ವರ್ಷ.

ಇನ್ನೊಂದು ಕಡೆ, ಅಮೆರಿಕದ ಸೇನೆಯಿಂದ ಪ್ರತಿ ವರ್ಷ ಸುಮಾರು 2 ಲಕ್ಷ ಜನ ಸಮವಸ್ತ್ರ ಕಳಚಿ ಹೊರಬರುತ್ತಾರೆ. ಅವರಿಗೆ ಹೊಸ ಬದುಕು ಕಟ್ಟಿಕೊಡುವುದು ಸರ್ಕಾರದ ಹೊಣೆ ಎಂಬ ಮಾತು ಕಾನೂನಾಗಿ ಗಟ್ಟಿಯಾದದ್ದು 1944ರ ಜೂನ್ 22ರಂದು, ಜಿಐ ಬಿಲ್ ಎಂಬ ಕಾಯ್ದೆಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದಾಗ. ಅದು ಕಾಲೇಜಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅಪ್ರೆಂಟಿಸ್ ಆಗಿ ಕಲಿಯುವವರಿಗೂ ಆ ನೆರವು ಸಿಗುತ್ತದೆ. ಈಚೆಗೆ ಸ್ಕಿಲ್‌ಬ್ರಿಡ್ಜ್ ಎಂಬ ವ್ಯವಸ್ಥೆ ಬಂದಿದೆ. ಸೇವೆಯ ಕೊನೆಯ 180 ದಿನಗಳ ಒಳಗೆ, ಸೇನೆಯ ಸಂಬಳ ಪಡೆಯುತ್ತಲೇ, ಹೊರಗಿನ ಕಂಪನಿಯಲ್ಲಿ ತರಬೇತಿ ಪಡೆಯಬಹುದು. ಕಟ್ಟಡ ಮತ್ತು ವಿದ್ಯುತ್ ಕಾರ್ಮಿಕ ಸಂಘಗಳ ಅಪ್ರೆಂಟಿಸ್ ಹುದ್ದೆಗಳಿಗೆ ಸೈನಿಕರನ್ನು ಜೋಡಿಸುವ 'ಹೆಲ್ಮೆಟ್ಸ್ ಟು ಹಾರ್ಡ್‌ಹ್ಯಾಟ್ಸ್' 2003ರಿಂದ ನಡೆದಿದೆ. ದಾರಿಗಳಿವೆ. ದಾರಿಯ ಬಾಯಿಗೆ ಬಂದು ನಿಂತವನಿಗೆ ಅದು ಕಾಣುವುದಿಲ್ಲ ಎನ್ನುವುದು ಸಮಸ್ಯೆ.

ಸೇನೆಯಲ್ಲೇ ವಿದ್ಯುತ್ ಕೆಲಸ ಮಾಡಿದವರ ಚಿಂತೆ ನನಗಿಲ್ಲ. ಅಮೆರಿಕದ ಭೂಸೇನೆಯಲ್ಲಿ 249ನೇ ಇಂಜಿನಿಯರ್ ಬೆಟಾಲಿಯನ್ ಎಂದಿದೆ, ಪ್ರೈಮ್ ಪವರ್ ಎನ್ನುತ್ತಾರೆ. ಯುದ್ಧಭೂಮಿಯಲ್ಲಿ, ಚಂಡಮಾರುತ ಬೀಸಿಹೋದ ಊರುಗಳಲ್ಲಿ ದೊಡ್ಡ ಜನರೇಟರುಗಳನ್ನು ನಿಲ್ಲಿಸಿ ಕರೆಂಟ್ ಕೊಡುವುದೇ ಅವರ ಕಸುಬು. ನೌಕಾಪಡೆಯ ನಿರ್ಮಾಣ ಪಡೆಯಾದ ಸೀಬೀಗಳಲ್ಲಿ ಕಟ್ಟಡ ಎಲೆಕ್ಟ್ರಿಷಿಯನ್ನರಿದ್ದಾರೆ. ಜಲಾಂತರ್ಗಾಮಿಗಳಲ್ಲಿ ಅಣು ರಿಯಾಕ್ಟರ್ ನಡೆಸಿದವರಿದ್ದಾರೆ. ಇವರನ್ನು ಕಂಪನಿಗಳು ಬಾಗಿಲಲ್ಲೇ ನಿಂತು ಬರಮಾಡಿಕೊಳ್ಳುತ್ತವೆ.

ನನ್ನ ಚಿಂತೆ ಪದಾತಿಯವರದ್ದು. ಒಬ್ಬ ಸಾರ್ಜೆಂಟ್ ನನ್ನ ಮುಂದೆ ಕೂತು ತನ್ನ ಅರ್ಜಿ ತೋರಿಸಿದ. ಹನ್ನೊಂದು ವರ್ಷದ ಸೇವೆ ಒಂದೂವರೆ ಸಾಲಿನಲ್ಲಿ ಮುಗಿದಿತ್ತು. 'ನಾನು ಕಲಿತದ್ದಕ್ಕೆ ಹೊರಗೆ ಬೆಲೆ ಇಲ್ಲ ಸರ್' ಎಂದ. ದಿನಕ್ಕೆ ಏನೇನು ಮಾಡುತ್ತಿದ್ದೆ ಹೇಳು ಎಂದೆ. ಒಂಬತ್ತು ಜನರ ರಾತ್ರಿ ಪಾಳಿ ಹಂಚುತ್ತಿದ್ದ. ಪಾಳಿ ಬದಲಾಗುವಾಗ ಹೋಗುವವನಿಂದ ಬರುವವನಿಗೆ ಏನೇನು ತಿಳಿಸಬೇಕು ಎಂಬ ಪಟ್ಟಿ ಇಟ್ಟಿದ್ದ. ಹೊರಡುವ ಮುನ್ನ ಪ್ರತಿಯೊಬ್ಬನ ಸಾಮಾನು ಮುಟ್ಟಿ ಮುಟ್ಟಿ ಪರೀಕ್ಷಿಸುತ್ತಿದ್ದ. ಕೆಲಸ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ಎಲ್ಲಿ ತಪ್ಪಿತು ಎಂದು ಮಾತಾಡಿಸುತ್ತಿದ್ದ, ಅಧಿಕಾರಿಯ ತಪ್ಪಾದರೆ ಅದನ್ನೂ. ನಾನು ಒಂದೊಂದನ್ನೇ ಅರ್ಜಿಯಲ್ಲಿ ನಮ್ಮ ಭಾಷೆಗೆ ತಿರುಗಿಸಿ ಬರೆದೆ: ಶಿಫ್ಟ್ ಹಸ್ತಾಂತರ, ಕೆಲಸಕ್ಕೆ ಮುಂಚಿನ ಸುರಕ್ಷತಾ ಮಾತುಕತೆ, ಸಲಕರಣೆ ತಪಾಸಣೆ, ಘಟನೆಯ ನಂತರದ ವಿಮರ್ಶೆ. ಇವು ನಾವು ಆಪರೇಟರುಗಳಿಂದ ನಿತ್ಯ ಬಯಸುವ ಗುಣಗಳು. ಅವನು ಆ ಕಾಗದವನ್ನು ಎರಡು ಸಲ ಓದಿದ. ನಂತರ, ಇದೆಲ್ಲ ಕೆಲಸ ಅಂತ ನನಗೆ ಅನಿಸಿರಲಿಲ್ಲ, ಸುಮ್ಮನೆ ಮಾಡುತ್ತಿದ್ದೆ ಎಂದ.

ನಾನೂ ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಮೊದಲ ವರ್ಷಗಳಲ್ಲಿ ಸೈನಿಕರ ತರಗತಿಯನ್ನೂ ಕಾಲೇಜಿನ ಕ್ರಮದಲ್ಲೇ ನಡೆಸಿದೆ. ಮೂರು ವಾರ ಬರೀ ಸೂತ್ರ, ವೆಕ್ಟರ್, ಪವರ್ ಫ್ಯಾಕ್ಟರ್. ಒಳ್ಳೆಯ ಇಬ್ಬರು ಮೂರನೇ ವಾರ ಮುಗಿಯುವ ಮೊದಲೇ ಬಿಟ್ಟುಹೋದರು. ಅವರಲ್ಲೊಬ್ಬ ಹೋಗುವಾಗ ಹೇಳಿದ್ದು ಇಷ್ಟೇ: ಇದು ಎಲ್ಲಿ ಬೇಕಾಗುತ್ತದೆ ಎಂದು ನೀವು ಹೇಳಲೇ ಇಲ್ಲ. ಅವನ ಮಾತು ನಿಜ. ಸೇನೆಯಲ್ಲಿ ನಕ್ಷೆ ಓದುವುದನ್ನು ಕೋಣೆಯಲ್ಲಿ ಕಲಿಸಿ, ಅದೇ ಸಂಜೆ ಕಾಡಿಗೆ ಬಿಡುತ್ತಾರೆ. ಅದರ ಮುಂದಿನ ತಂಡಕ್ಕೆ ನಾನು ಮೊದಲ ದಿನವೇ ಸಿಮ್ಯುಲೇಟರ್ (ಕಂಟ್ರೋಲ್ ರೂಮಿನ ಅಣಕು ಯಂತ್ರ) ಕೊಟ್ಟೆ. ಅದರಲ್ಲಿ ಒಂದು ದೊಡ್ಡ ಜನರೇಟರ್ ತಟ್ಟನೆ ನಿಲ್ಲುವಂತೆ ಮಾಡಿದೆ. ಫ್ರೀಕ್ವೆನ್ಸಿಯ ಗೆರೆ ಇಳಿಯುವುದನ್ನು ನೋಡಿ, ಯಾಕೆ ಇಳಿಯಿತು, ಯಾರು ಎತ್ತಿದರು, ಎಷ್ಟು ಹೊತ್ತು ಹಿಡಿಯಿತು ಎಂದು ಅವರೇ ಕೇಳತೊಡಗಿದರು. ಸೂತ್ರ ಆಮೇಲೆ ಬಂತು, ಬೇಕಾಗಿಯೇ ಬಂತು. ಬಿಟ್ಟುಹೋದ ಆ ಇಬ್ಬರ ನೆನಪು ಈಗಲೂ ಚುಚ್ಚುತ್ತದೆ.

ಈಗ ಎರಡು ದಿನಗಳ ಕಥೆ ಹೇಳುತ್ತೇನೆ. ನನ್ನ ತರಗತಿಯಲ್ಲಿ ಇವೆರಡನ್ನು ನಿಮಿಷ ನಿಮಿಷವಾಗಿ ಬಿಡಿಸುತ್ತೇವೆ.

ಸೇನೆಯಿಂದ ವಿದ್ಯುತ್ ಕ್ಷೇತ್ರಕ್ಕೆ ಅಗಲವಾದ ರಸ್ತೆ ತೆರೆದದ್ದು ಅಮೆರಿಕದ ನೌಕಾಪಡೆ. ನೌಕಾಪಡೆಯ ಅಣುಶಕ್ತಿ ಯೋಜನೆಯ ಮುಖ್ಯಸ್ಥ ಅಡ್ಮಿರಲ್ ಹೈಮನ್ ರಿಕೋವರ್ ಅವರ ಹಟದಿಂದ ನಾಟಿಲಸ್ ಎಂಬ ಜಲಾಂತರ್ಗಾಮಿ 1955ರ ಜನವರಿ 17ರಂದು ಅಣುಶಕ್ತಿಯಿಂದ ಹೊರಟಿತು. ಅದರ ಕಮಾಂಡರ್ ಯೂಜೀನ್ ವಿಲ್ಕಿನ್ಸನ್, ಅಣುಶಕ್ತಿಯಿಂದ ಹೊರಟಿದ್ದೇವೆ ಎಂದು ಸಂದೇಶ ಕಳಿಸಿದರು. ಪೆನ್ಸಿಲ್ವೇನಿಯಾದ ಶಿಪ್ಪಿಂಗ್‌ಪೋರ್ಟ್‌ನಲ್ಲಿ 1957ರಲ್ಲಿ ಶುರುವಾದ ಅಣು ವಿದ್ಯುತ್ ಸ್ಥಾವರವೂ ರಿಕೋವರ್ ಅವರ ಉಸ್ತುವಾರಿಯಲ್ಲೇ ಎದ್ದದ್ದು. ಆಮೇಲೆ ದೇಶದ ತುಂಬ ಅಣು ಸ್ಥಾವರಗಳು ತಲೆಯೆತ್ತಿದಾಗ ಅವುಗಳನ್ನು ನಡೆಸಲು ಜನ ಬೇಕಾದರು. ನೌಕಾಪಡೆಯಲ್ಲಿ ರಿಯಾಕ್ಟರ್ ನಡೆಸಿ ಪಳಗಿದವರು ಸಿದ್ಧರಿದ್ದರು. ಅವರ ತರಬೇತಿ ಎಷ್ಟು ಕಠಿಣ ಎಂಬುದು ಎಲ್ಲರಿಗೂ ಗೊತ್ತಿತ್ತು. ನೇಮಿಸಿಕೊಂಡವರಿಗೆ ನಿಶ್ಚಿಂತೆ.

ಮೊದಲ ದಿನ 1979ರ ಮಾರ್ಚ್ 28, ನಸುಕಿನ ನಾಲ್ಕು ಗಂಟೆ. ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದ ಎರಡನೇ ಘಟಕ. ನೀರು ಕೊಡುವ ಪಂಪುಗಳು ನಿಂತವು, ಟರ್ಬೈನ್ ನಿಂತಿತು, ರಿಯಾಕ್ಟರ್ ಕೂಡ ತಾನಾಗಿಯೇ ನಿಂತಿತು. ಅಲ್ಲಿಗೆ ಎಲ್ಲ ಸರಿಯೇ. ಒತ್ತಡ ಏರಿದಾಗ ಬಿಡುಗಡೆ ಮಾಡುವ ಒಂದು ವಾಲ್ವ್ ತೆರೆದುಕೊಂಡಿತ್ತು. ಒತ್ತಡ ಇಳಿದ ಮೇಲೆ ಅದು ಮುಚ್ಚಬೇಕಿತ್ತು, ಮುಚ್ಚಲಿಲ್ಲ, ಸಿಕ್ಕಿಕೊಂಡಿತು. ಪ್ಯಾನೆಲ್ಲಿನ ದೀಪ ಮಾತ್ರ ಆರಿತು. ಆ ದೀಪ ತೋರಿಸುತ್ತಿದ್ದುದು ಮುಚ್ಚು ಎಂಬ ಆಜ್ಞೆ ಹೋಗಿದೆ ಎಂಬುದನ್ನು. ವಾಲ್ವ್ ನಿಜಕ್ಕೂ ಮುಚ್ಚಿದೆಯೇ ಎಂಬುದನ್ನು ಅದು ತೋರಿಸುತ್ತಲೇ ಇರಲಿಲ್ಲ. ನೀರು ಹೊರಗೆ ಹರಿಯುತ್ತಲೇ ಹೋಯಿತು.

ಅಂದು ಆ ಕಂಟ್ರೋಲ್ ರೂಮಿನ ಪಾಳಿಯಲ್ಲಿದ್ದವರು ನೌಕಾಪಡೆಯ ರಿಯಾಕ್ಟರುಗಳಲ್ಲಿ ಕೆಲಸ ಮಾಡಿ ಬಂದವರು. ಅಲ್ಲಿ ಅವರ ತಲೆಯಲ್ಲಿ ಕೂತಿದ್ದ ಒಂದು ಎಚ್ಚರಿಕೆ ಎಂದರೆ, ಒತ್ತಡ ಕಾಯುವ ಪ್ರೆಶರೈಸರ್ ತೊಟ್ಟಿ ಪೂರ್ತಿ ನೀರಿನಿಂದ ತುಂಬಬಾರದು. ಮೇಲೆ ಹಬೆಯ ಮೆತ್ತೆ ಇರಲೇಬೇಕು. ನೀರು ಕುಗ್ಗುವುದಿಲ್ಲ, ತೊಟ್ಟಿ ತುಂಬಿದರೆ ಒತ್ತಡ ಹಿಡಿತ ತಪ್ಪುತ್ತದೆ. ಸ್ಥಾವರದ ತರಬೇತಿಯೂ ಅದನ್ನೇ ಒತ್ತಿ ಹೇಳಿತ್ತು. ಅಂದು ರಿಯಾಕ್ಟರಿನ ಒಳಗೆ ಹಬೆಯ ಗುಳ್ಳೆಗಳು ಎದ್ದು ನೀರನ್ನು ಮೇಲಕ್ಕೆ ತಳ್ಳಿದವು. ಒತ್ತಡ ಇಳಿಯುತ್ತಿತ್ತು, ತೊಟ್ಟಿಯ ಮಟ್ಟ ಮಾತ್ರ ಏರುತ್ತಿತ್ತು. ಆಪರೇಟರುಗಳು ಮಟ್ಟವನ್ನು ನೋಡಿದರು. ನೀರು ಹೆಚ್ಚಾಗಿದೆ ಎಂದುಕೊಂಡರು. ತಾನಾಗಿ ಶುರುವಾಗಿದ್ದ ತುರ್ತು ನೀರಿನ ಪಂಪುಗಳನ್ನು ತಮ್ಮ ಕೈಯಾರೆ ತಗ್ಗಿಸಿದರು. ಆ ವಾಲ್ವ್‌ನ ದಾರಿ ಮುಚ್ಚಿದ್ದು ಎರಡು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ. ಅಷ್ಟರಲ್ಲಿ ಇಂಧನ ಹಾಳಾಗಲು ಶುರುವಾಗಿತ್ತು. ಕೊನೆಗೆ ಸುಮಾರು ಅರ್ಧದಷ್ಟು ಇಂಧನ ಕರಗಿಹೋಯಿತು.

ಈ ಕಥೆ ಕೇಳಿದಾಗ ನನ್ನ ವಿದ್ಯಾರ್ಥಿಗಳು ತಲೆ ತಗ್ಗಿಸುತ್ತಾರೆ. ತಮ್ಮವರ ಮೇಲೆ ಆರೋಪ ಬಂತು ಎಂದು ಅವರಿಗೆ ಅನಿಸುತ್ತದೆ. ಹಾಗಲ್ಲ ಎಂದು ನಾನು ಬಿಡಿಸಿ ಹೇಳುತ್ತೇನೆ. ಆ ಮನುಷ್ಯರು ಸೋಮಾರಿಗಳಲ್ಲ, ಹೆದರಿದವರೂ ಅಲ್ಲ. ಕಲಿತದ್ದನ್ನು ನಿಷ್ಠೆಯಿಂದ ಮಾಡಿದರು. ನಿಯಮದ ಹಿಂದಿನ ಕಾರಣ ಅವರ ಕೈಯಲ್ಲಿ ಇರಲಿಲ್ಲ, ನಿಯಮ ಮಾತ್ರ ಇತ್ತು. ದೀಪ ಏನನ್ನು ಅಳೆಯುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ದೊಡ್ಡ ಸ್ಥಾವರದಲ್ಲಿ, ರಿಯಾಕ್ಟರ್ ನಿಂತ ಮೇಲೂ ಉಳಿಯುವ ಅಪಾರ ಶಾಖದ ಮುಂದೆ, ತೊಟ್ಟಿ ತುಂಬುವುದಕ್ಕಿಂತ ನೀರು ಬತ್ತುವುದೇ ಭಯಾನಕ ಎಂದು ಅವರ ಅಭ್ಯಾಸವನ್ನು ಮರುಹೊಲಿಗೆ ಮಾಡಿಕೊಟ್ಟವರಿರಲಿಲ್ಲ. ತಪ್ಪು ಕಲಿಸಿದವರದ್ದು.

ಆ ವರ್ಷ ಮುಗಿಯುವ ಮೊದಲೇ ಅಣು ವಿದ್ಯುತ್ ಕಂಪನಿಗಳು ಸೇರಿ ಇನ್ಪೊ ಎಂಬ ಸಂಸ್ಥೆ ಕಟ್ಟಿದವು. ತರಬೇತಿಯ ಮಟ್ಟ ಎತ್ತುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಅದರ ಮೊದಲ ಅಧ್ಯಕ್ಷರಾಗಿ ಬಂದವರು ಯಾರು ಗೊತ್ತೇ? ನಾಟಿಲಸ್ ಹೊರಡಿಸಿದ ಅದೇ ವಿಲ್ಕಿನ್ಸನ್, ಅಷ್ಟರಲ್ಲಿ ವೈಸ್ ಅಡ್ಮಿರಲ್ ಆಗಿ ನಿವೃತ್ತರಾಗಿದ್ದರು. ಆ ಅವಘಡದ ನಂತರ ತುರ್ತು ಕ್ರಮಗಳ ಪುಸ್ತಕಗಳು ಬದಲಾದವು. ಮೊದಲು, ಯಾವ ಅವಘಡ ಆಗಿದೆ ಎಂದು ಗುರುತಿಸಿ ಅದಕ್ಕೆ ತಕ್ಕ ಪುಟ ತೆರೆಯಬೇಕಿತ್ತು. ಈಗ ಲಕ್ಷಣ ನೋಡಿ ಹೆಜ್ಜೆ ಇಡಬೇಕು, ಒತ್ತಡ ಎಷ್ಟು, ಉಷ್ಣ ಎಷ್ಟು, ಇಂಧನಕ್ಕೆ ನೀರು ಸಿಗುತ್ತಿದೆಯೇ. ಪ್ರತಿ ಸ್ಥಾವರಕ್ಕೂ ಅದರದ್ದೇ ತದ್ರೂಪದ ಸಿಮ್ಯುಲೇಟರ್ ಬಂತು. ಈ ಕಾರಣಕ್ಕೇ ನನ್ನ ತರಗತಿಯಲ್ಲಿ ಯಾವ ದೀಪ ತೋರಿಸಿದರೂ ವಿದ್ಯಾರ್ಥಿಗಳು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದರ ತಂತಿ ಎಲ್ಲಿಂದ ಬರುತ್ತದೆ? ಇದೇ ಸಂಗತಿಯನ್ನು ಹೇಳುವ ಇನ್ನೊಂದು ಮೀಟರ್ ಯಾವುದು?

ಎರಡನೆಯ ದಿನ 2003ರ ಆಗಸ್ಟ್ 14. ಸೆಕೆಯ ಮಧ್ಯಾಹ್ನ. ಒಹಾಯೊ ರಾಜ್ಯದ ಒಂದು ಕಂಟ್ರೋಲ್ ರೂಮಿನಲ್ಲಿ 2 ಗಂಟೆ 14 ನಿಮಿಷದ ನಂತರ ಅಲಾರಂ ವ್ಯವಸ್ಥೆ ಸತ್ತುಹೋಯಿತು. ಅದು ಸತ್ತಿದೆ ಎಂದು ಹೇಳುವ ಅಲಾರಂ ಇರಲಿಲ್ಲ. ಪರದೆಗಳು ಶಾಂತವಾಗಿದ್ದವು. 3 ಗಂಟೆ 5 ನಿಮಿಷಕ್ಕೆ 345 ಕಿಲೋವೋಲ್ಟಿನ ಒಂದು ಲೈನ್, ತನ್ನ ಸಾಮರ್ಥ್ಯದ ಅರ್ಧವನ್ನೂ ಹೊರದೆ ಇದ್ದಾಗಲೇ, ಕೆಳಗೆ ಬೆಳೆದಿದ್ದ ಮರಕ್ಕೆ ತಗುಲಿ ಟ್ರಿಪ್ ಆಯಿತು, ಅಂದರೆ ತಾನಾಗಿ ಕಡಿದುಹೋಯಿತು. ಅದರ ಭಾರ ಉಳಿದವುಗಳ ಮೇಲೆ ಬಿತ್ತು. ಭಾರ ಬಿದ್ದ ತಂತಿ ಕಾಯುತ್ತದೆ, ಕಾದ ತಂತಿ ಜೋತುಬೀಳುತ್ತದೆ. 3.32ಕ್ಕೆ ಇನ್ನೊಂದು, 3.41ಕ್ಕೆ ಮತ್ತೊಂದು, ಮರಕ್ಕೆ ತಗುಲಿ ಬಿದ್ದವು. ಪಕ್ಕದ ಕಂಪನಿಗಳಿಂದ ಫೋನ್ ಬರುತ್ತಿತ್ತು, ನಿಮ್ಮ ಕಡೆ ಏನೋ ಆಗಿದೆ ಎಂದು. ತಮ್ಮ ಪರದೆ ಶಾಂತವಾಗಿರುವಾಗ ಆಪರೇಟರುಗಳು ಫೋನಿನ ಮಾತನ್ನು ಹೇಗೆ ನಂಬಬೇಕು? 4 ಗಂಟೆ 5 ನಿಮಿಷ 57 ಸೆಕೆಂಡಿಗೆ ಸ್ಯಾಮಿಸ್–ಸ್ಟಾರ್ ಎಂಬ ಲೈನ್ ಹೋಯಿತು. ಅಲ್ಲಿಂದ ಮುಂದೆ ಯಾವ ಮನುಷ್ಯನ ಕೈಗೂ ಅದು ನಿಲುಕಲಿಲ್ಲ. 4.13ರ ಹೊತ್ತಿಗೆ ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಇರಲಿಲ್ಲ. 265 ಸ್ಥಾವರಗಳ 508ಕ್ಕೂ ಹೆಚ್ಚು ಘಟಕಗಳು ನಿಂತಿದ್ದವು. ಕಳೆದುಹೋದ ಲೋಡ್, ಅಂದರೆ ಕರೆಂಟ್ ಸಿಗದೆ ಹೋದ ಬಳಕೆ, ಸುಮಾರು 61,800 ಮೆಗಾವ್ಯಾಟ್.

ತನಿಖೆ ನಡೆಸಿದ ಎರಡೂ ದೇಶಗಳ ಸಮಿತಿ ಒಂದು ಲೆಕ್ಕ ಹೇಳಿತು. ಸ್ಯಾಮಿಸ್–ಸ್ಟಾರ್ ಬೀಳುವ ಮೊದಲು ಕ್ಲೀವ್‌ಲ್ಯಾಂಡ್–ಆಕ್ರನ್ ಪ್ರದೇಶದಲ್ಲಿ ಸುಮಾರು 1,500 ಮೆಗಾವ್ಯಾಟ್ ಲೋಡ್ ಕಡಿದುಹಾಕಿದ್ದರೆ ಉಳಿದದ್ದೆಲ್ಲ ಉಳಿಯಬಹುದಿತ್ತು. ಅಂದರೆ ಒಬ್ಬ ಆಪರೇಟರ್ ಕೂತಲ್ಲಿಂದಲೇ ಲಕ್ಷಾಂತರ ಮನೆಗಳನ್ನು ಬೇಕೆಂದೇ ಕತ್ತಲಿಗೆ ತಳ್ಳಬೇಕಿತ್ತು.

ನನ್ನ ಪಾಠದ ತಿರುಳು ಇಲ್ಲಿದೆ. ಇಂದಿನ ನಿಯಮದ ಪ್ರಕಾರ ಆ ಕುರ್ಚಿಯಲ್ಲಿ ಕೂತವರಿಗೆ ಲೋಡ್ ಕಡಿಯುವ ಅಧಿಕಾರವೂ ಇದೆ, ಹೊಣೆಯೂ ಇದೆ. ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಮೇಲಧಿಕಾರಿ ಊಟಕ್ಕೆ ಕೂತಿರಲಿ, ಕಂಪನಿಯ ಮುಖ್ಯಸ್ಥ ಫೋನಿನಲ್ಲಿ ಬೇಡ ಎನ್ನಲಿ. ಕಾಗದದ ಮೇಲೆ ಇದು ಎರಡು ಸಾಲು. ಸೇನೆಯಲ್ಲಿ ಹತ್ತು ವರ್ಷ ಆಜ್ಞೆಯ ಸರಪಳಿಯಲ್ಲಿ ಬದುಕಿದವನಿಗೆ ಅದು ಬೆಟ್ಟ.

ಸಿಮ್ಯುಲೇಟರಿನಲ್ಲಿ ಈ ಸನ್ನಿವೇಶ ಕೊಟ್ಟು ನಾನು ಹಿಂದೆ ನಿಲ್ಲುತ್ತೇನೆ. ಲೈನುಗಳು ಒಂದೊಂದೇ ಕೆಂಪಾಗುತ್ತವೆ. ಆಗ ಬಹುಪಾಲು ಮಾಜಿ ಸೈನಿಕರು ಒಂದು ಕೆಲಸ ಮಾಡುತ್ತಾರೆ. ಕೈ ಮೌಸಿನ ಮೇಲೆ ಇಟ್ಟು ತಲೆ ಹಿಂದಕ್ಕೆ ತಿರುಗಿಸುತ್ತಾರೆ. ಏನು ಮಾಡಬೇಕೆಂದು ಅವರಿಗೆ ಗೊತ್ತಿದೆ. ಹೂಂ ಎನ್ನುವ ಒಂದು ಮುಖ ಬೇಕು. ನಾನು ನೆಲ ನೋಡುತ್ತಾ ನಿಲ್ಲುತ್ತೇನೆ. ಆ ಮೂವತ್ತು, ನಲವತ್ತು ಸೆಕೆಂಡುಗಳು ಇಬ್ಬರಿಗೂ ಕಷ್ಟ. ಪರದೆ ಪೂರ್ತಿ ಕತ್ತಲಾದ ಮೇಲೆ ಮತ್ತೆ ಮೊದಲಿನಿಂದ. ಮೂರನೆಯ ಸಲವೋ ನಾಲ್ಕನೆಯ ಸಲವೋ ತಲೆ ತಿರುಗುವುದಿಲ್ಲ. ನೇರ ಒತ್ತುತ್ತಾರೆ. ಒತ್ತಿದ ಮೇಲೆ ಫೋನ್ ಎತ್ತಿ, ಕಡಿದಿದ್ದೇನೆ, ಇಷ್ಟು ಮೆಗಾವ್ಯಾಟ್, ಇಷ್ಟು ಹೊತ್ತಿಗೆ, ಈ ಕಾರಣಕ್ಕೆ ಎಂದು ವರದಿ ಕೊಡುತ್ತಾರೆ. ಆ ವರದಿ ಕೊಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

2003ರ ನಂತರ ನರ್ಕ್ ಪ್ರತಿ ಆಪರೇಟರಿಗೆ ವರ್ಷಕ್ಕೆ ಕನಿಷ್ಠ ಐದು ದಿನ ತುರ್ತು ಪರಿಸ್ಥಿತಿಯ ತರಬೇತಿ, ಅದೂ ನೈಜವಾದ ಸಿಮ್ಯುಲೇಷನ್ ಬಳಸಿ, ಆಗಬೇಕೆಂದು ಹೇಳಿತು. 2007ರ ಜೂನ್‌ನಿಂದ ಗ್ರಿಡ್ ನಿಯಮಗಳು ದಂಡ ವಿಧಿಸಬಲ್ಲ ಕಡ್ಡಾಯ ನಿಯಮಗಳಾದವು. ಐದು ದಿನ ಸಾಕೇ ಎಂದು ಕೇಳಿದರೆ, ಸೈನಿಕರು ನಗುತ್ತಾರೆ. ಒಂದು ಗಂಟೆಯ ಕೆಲಸಕ್ಕೆ ವಾರಗಟ್ಟಲೆ ತಾಲೀಮು ಮಾಡಿ ಬಂದವರು ಅವರು. ತಾಲೀಮಿನ ಹಸಿವು ಅವರು ನಮ್ಮ ಉದ್ಯಮಕ್ಕೆ ತರುವ ದೊಡ್ಡ ಕೊಡುಗೆ ಎಂದು ನನಗನಿಸುತ್ತದೆ.

ಇನ್ನು ಲೈನ್‌ಮನ್ ಕೆಲಸ. ಇಲ್ಲಿ ಬಿಚ್ಚಿ ಹೊಲಿಯಬೇಕಾದದ್ದು ಧೈರ್ಯವನ್ನು.

ಸೈನಿಕನಿಗೆ ಅಪಾಯದ ಕಡೆ ನಡೆಯುವುದು ರೂಢಿ. ಬಿರುಗಾಳಿಯಲ್ಲಿ ಕಂಬ ಮುರಿದು ಊರು ಕತ್ತಲಲ್ಲಿರುವಾಗ ಆ ಸ್ವಭಾವ ಅವನನ್ನು ಮೇಲೆ ಹತ್ತಿಸುತ್ತದೆ. ಲೈನಿನ ಮೇಲೆ ಅದು ಕೊಲ್ಲುತ್ತದೆ. ಹಳೆಯ ಲೈನ್‌ಮನ್‌ಗಳ ಮಾತೊಂದಿದೆ: ಅರ್ಥ್ ಮಾಡದ, ಅಂದರೆ ನೆಲಕ್ಕೆ ಜೋಡಿಸದ ಲೈನ್ ಸತ್ತ ಲೈನ್ ಅಲ್ಲ. ಬ್ರೇಕರ್ ಓಪನ್ ಆಗಿರಬಹುದು, ಲೈನ್ ಕ್ಲಿಯರ್ (ಕೆಲಸ ಮಾಡಬಹುದೆಂಬ ಅನುಮತಿ) ಸಿಕ್ಕಿರಬಹುದು. ಆದರೂ ಪಕ್ಕದಲ್ಲೇ ಹರಿಯುವ ಇನ್ನೊಂದು ಲೈನ್ ಇದರಲ್ಲಿ ವೋಲ್ಟೇಜ್ ಹುಟ್ಟಿಸಬಹುದು. ಯಾರದೋ ಮನೆಯ ಜನರೇಟರ್ ಟ್ರಾನ್ಸ್‌ಫಾರ್ಮರಿನ ಮೂಲಕ ಹಿಮ್ಮುಖವಾಗಿ ಸಾವಿರಾರು ವೋಲ್ಟ್ ತಳ್ಳಬಹುದು. ಆದ್ದರಿಂದ ವೋಲ್ಟೇಜ್ ಇಲ್ಲವೆಂದು ಉಪಕರಣದಿಂದ ಪರೀಕ್ಷಿಸಬೇಕು, ಆ ಉಪಕರಣ ಸರಿಯಿದೆಯೇ ಎಂದು ಪರೀಕ್ಷಿಸಬೇಕು, ಆಮೇಲೆ ಅರ್ಥಿಂಗ್ ಹಾಕಬೇಕು, ಆಮೇಲೆಯೇ ಕೈ. ಮಳೆ ಸುರಿಯುತ್ತಿರಲಿ, ಕೆಳಗೆ ಜನ ನಿಂತು ಕೂಗುತ್ತಿರಲಿ, ಈ ಕ್ರಮದಲ್ಲಿ ಒಂದು ಮೆಟ್ಟಿಲೂ ತಪ್ಪಬಾರದು.

ಕೆಲಸ ನಿಲ್ಲಿಸುವ ಹಕ್ಕು ಗುಂಪಿನ ಅತ್ಯಂತ ಕಿರಿಯನಿಗೂ ಇದೆ. ಹೊಸ ಅಪ್ರೆಂಟಿಸ್ 'ನಿಲ್ಲಿ' ಎಂದರೆ ಮೂವತ್ತು ವರ್ಷದ ಹಿರಿಯನೂ ಕೈ ಹಿಂದೆಗೆಯಬೇಕು. ಶ್ರೇಣಿಯ ಮನೆಯಲ್ಲಿ ಬೆಳೆದವನಿಗೆ ಹಿರಿಯನನ್ನು ತಡೆಯುವುದು ಉದ್ಧಟತನ ಅನಿಸುತ್ತದೆ. ನಾನು ಅವರಿಗೆ ಅವರದ್ದೇ ಅನುಭವ ನೆನಪಿಸುತ್ತೇನೆ. ಗುಂಡು ಹಾರಿಸುವ ಅಭ್ಯಾಸದ ಮೈದಾನದಲ್ಲಿ ಯಾವ ಸಿಪಾಯಿ ಬೇಕಾದರೂ 'ಗುಂಡು ನಿಲ್ಲಿಸಿ' ಎಂದು ಕೂಗಬಹುದು, ಜನರಲ್ ಇದ್ದರೂ ಎಲ್ಲ ಬಂದೂಕು ನಿಲ್ಲಬೇಕು. ಕಂಬದ ಬುಡ ಆ ಮೈದಾನ ಎಂದುಕೊಳ್ಳಿ ಎನ್ನುತ್ತೇನೆ. ಆಗ ತಟ್ಟನೆ ಹೊಳೆಯುತ್ತದೆ.

ಕಂಪನಿಗಳಿಗೂ ಒಂದು ಮಾತು. ನೇಮಕದ ದಿನ ಧ್ವಜದ ಪಕ್ಕ ನಿಲ್ಲಿಸಿ ಫೋಟೊ ತೆಗೆಸಿಕೊಂಡರೆ ಮುಗಿಯಲಿಲ್ಲ. ಹನ್ನೆರಡು ಗಂಟೆಯ ರಾತ್ರಿ ಪಾಳಿ, ಮೊದಲೇ ಮುರಿದ ನಿದ್ದೆಯವರ ಮೇಲೆ ಬೇರೆಯೇ ರೀತಿ ಕೆಲಸ ಮಾಡುತ್ತದೆ. ಸಬ್‌ಸ್ಟೇಷನ್ನಿನಲ್ಲಿ ಕೆಲವು ಹಳೆಯ ಬ್ರೇಕರುಗಳು ಓಪನ್ ಆಗುವಾಗ ತೋಪು ಹಾರಿದಂತೆ ಸದ್ದಾಗುತ್ತದೆ. ಇರಾಕಿನಲ್ಲೋ ಅಫ್ಗಾನಿಸ್ತಾನದಲ್ಲೋ ಇದ್ದು ಬಂದ ಒಬ್ಬರನ್ನು ಮುನ್ಸೂಚನೆಯಿಲ್ಲದೆ ಅದರ ಪಕ್ಕ ನಿಲ್ಲಿಸುವುದು ಕ್ರೌರ್ಯ. ನಾನು ಅಂಗಳಕ್ಕೆ ಕರೆದೊಯ್ಯುವ ಮುನ್ನ ಎಲ್ಲರಿಗೂ ಹೇಳುತ್ತೇನೆ, ಯಾವ ಬ್ರೇಕರ್, ಯಾವ ಸದ್ದು, ಎಷ್ಟು ಹೊತ್ತಿಗೆ. ಸೇನೆಯವರು ಯಾರು, ಅಲ್ಲದವರು ಯಾರು ಎಂದು ಬೇರ್ಪಡಿಸಿ ಹೇಳುವುದಿಲ್ಲ. ಎಲ್ಲರಿಗೂ ಒಂದೇ ಮಾತು. ಒಬ್ಬಾತ ಆಮೇಲೆ ಬಂದು ಥ್ಯಾಂಕ್ಸ್ ಹೇಳಿದ, ಬೇರೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸೇನೆ ಬಿಟ್ಟವರಿಗೆ ಕಳೆದುಹೋಗುವುದು ಸಂಬಳಕ್ಕಿಂತ ಹೆಚ್ಚಾಗಿ ಜೊತೆಗಾರರು. ತನ್ನ ಕಾವಲಿನಲ್ಲಿ ಉಳಿದವರು ಮಲಗಿದ್ದಾರೆ ಎಂಬ ಭಾವನೆ. ಈ ಕ್ಷೇತ್ರದಲ್ಲಿ ಅದು ಮತ್ತೆ ಸಿಗುತ್ತದೆ. ದೊಡ್ಡ ಬಿರುಗಾಳಿ ಬಂದಾಗ ದೂರದ ರಾಜ್ಯಗಳಿಂದ ಲೈನ್‌ಮನ್‌ಗಳ ಟ್ರಕ್ಕುಗಳು ಸಾಲುಸಾಲಾಗಿ ಹೊರಡುತ್ತವೆ, ಪರಸ್ಪರ ನೆರವು ಎಂದು ಅದಕ್ಕೆ ಹೆಸರು. ವಾರಗಟ್ಟಲೆ ಮನೆಯಿಂದ ದೂರ, ಸಿಕ್ಕಲ್ಲಿ ನಿದ್ದೆ, ಬೆಳಗಾದರೆ ಮತ್ತೆ ಕಂಬ. ಅಂಥ ಸಾಲಿನಲ್ಲಿ ಹೋದ ನನ್ನ ವಿದ್ಯಾರ್ಥಿಯೊಬ್ಬ ಮರಳಿ ಬಂದು, ಎಷ್ಟೋ ವರ್ಷಗಳ ಮೇಲೆ ನೆಮ್ಮದಿಯ ನಿದ್ದೆ ಬಂತು ಎಂದ, ಟ್ರಕ್ಕಿನ ಸೀಟಿನಲ್ಲಿ.

ಆರಂಭದಲ್ಲಿ ಹೇಳಿದ ಆ ರೇಡಿಯೊ ಹೆಣ್ಣುಮಗಳು ಈಗ ಪಾಳಿಯ ಮುಖ್ಯಸ್ಥೆ. ಕಳೆದ ಸಲ ಅವಳ ಕಂಟ್ರೋಲ್ ರೂಮಿಗೆ ಹೋದಾಗ ಬೆಳಗಿನ ಪಾಳಿ ಬದಲಾಗುವ ಹೊತ್ತು. ರಾತ್ರಿಯವನು ಹೊರಡಲು ಬ್ಯಾಗ್ ಹೆಗಲಿಗೇರಿಸಿದ್ದ. ಅವಳು ಲಾಗ್ ಬುಕ್ ತೆರೆದು, ರಿಪೇರಿಗೆ ತೆಗೆದಿರುವ ಲೈನುಗಳನ್ನು ಒಂದೊಂದಾಗಿ ಓದಿಸಿ ತಾನು ತಿರುಗಿ ಹೇಳಿದಳು. ಕೊನೆಯದೊಂದರಲ್ಲಿ ಬ್ರೇಕರಿನ ನಂಬರು ಅವನ ಬಾಯಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು ಇತ್ತು. ಅವನು ಬ್ಯಾಗ್ ಕೆಳಗಿಟ್ಟ. ಇಬ್ಬರೂ ಕೂತು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದರು.